ಬಾಗಿಲಜ್ಜಿಯ ಕೋಟು

ಜನವರಿ ೧೨

ಆಟಗಾರರ ಅಭಿಪ್ರಾಯ ವಿಭಾಗದವರಿಗೆ,

ನಿಮ್ಮ 'ಕಗ್ಗೋಟೆ' ಆಟದ ಬಗ್ಗೆ ಅಭಿಪ್ರಾಯ ಬರೆಯಿರಿ ಎಂದು ನೀವೇ ಊರಿಗೆಲ್ಲ ಸಾರಿದ್ದೀರಿ. ಕಂಪ್ಯೂಟರಿನಲ್ಲಿ ಬರೆದೆ. ಬರೆದಾಗಲೆಲ್ಲ ಯಾರೋ ಅಳಿಸಿ ಹಾಕಿದರು. ಅದಕ್ಕೇ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಕಾಗದವನ್ನು ಹರಿದರೂ ಚೂರಾದರೂ ಉಳಿಯುತ್ತದೆ.

ನಾನು ಬಟ್ಟೆ ಹೊಲಿಯುವವಳು. ಹೊಸದು ಕಡಿಮೆ, ರಿಪೇರಿ ಜಾಸ್ತಿ. ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು, ಬಿಗಿಯಾದ ಸೊಂಟ. ಬೀದಿಯವರು ನನ್ನನ್ನು ಟೈಲರಮ್ಮ ಎಂದು ಕರೆಯುತ್ತಿದ್ದರು. ಈಗ ಬಾಗಿಲಜ್ಜಿ ಎನ್ನುತ್ತಾರೆ.

ಶುರುವಾದದ್ದು ಹೀಗೆ. ಕಾಲೇಜಿನ ಹುಡುಗಿಯೊಬ್ಬಳು ಹರಿದ ಜಾಕೆಟ್ ತಂದಳು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಯಾರದ್ದಿದು? ಎಲ್ಲಿ ಹರ್ಕೊಂಡೆ? ಇಷ್ಟು ಹೊತ್ತಿಗೆ ಬಂದ್ರೆ ಹೇಗೆ?" ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಂಟೀ, ನೀವು ಥೇಟ್ ಬಾಗಿಲಜ್ಜಿ! ದನಿ ಕೂಡ ಹಾಗೇ!" ಮರುದಿನ ಗೆಳತಿಯರನ್ನೂ ಕರೆದುಕೊಂಡು ಬಂದಳು, ನನ್ನ ಮಾತು ಕೇಳಿಸುವುದಕ್ಕೆ. ಪ್ರದರ್ಶನಕ್ಕಿಟ್ಟ ಹಾಗಾಯಿತು ನನ್ನ ಪಾಡು.

ಪಕ್ಕದಂಗಡಿಯ ಕಂಪ್ಯೂಟರ್ ರಿಪೇರಿಯವನು ಹಳೆಯದೊಂದನ್ನು ನನ್ನ ಮನೆಯಲ್ಲಿ ಕೂರಿಸಿಕೊಟ್ಟ. ಆಡಿ ನೋಡಿದೆ. ತೆರೆಯ ಮೇಲೆ ನಮ್ಮವೇ ಎರಡು ಕೈ ಮಾತ್ರ ಕಾಣುತ್ತವೆ, ಒಂದರಲ್ಲಿ ಕತ್ತಿ. ನಮಗೆ ಮುಖವಿಲ್ಲ, ಮೈಯಿಲ್ಲ. ನಾವೊಬ್ಬ ಅಲೆಮಾರಿ. ಕಣ್ಣೆದುರಿಗೆ ಕಂಡದ್ದಷ್ಟೇ ಲೋಕ. ಕೋಟೆಯ ಬಾಗಿಲಿಗೆ ಬಂದರೆ ಅಲ್ಲೊಬ್ಬಳು ಮುದುಕಿ. ಕುತ್ತಿಗೆಗೆ ಹಳದಿ ಹಾವು, ಬಾಯಲ್ಲಿ ಮುಳ್ಳು, ನಡುಬೆರಳಿಗೆ ಕಬ್ಬಿಣದ ಟೋಪಿ. ಒಂದು ಕಣ್ಣು ಮುಚ್ಚಿ ಮೇಲಿಂದ ಕೆಳಗೆ ಅಳೆಯುತ್ತಾಳೆ. ನನ್ನ ಅಳತೆ ಟೇಪು, ನನ್ನ ಪಿನ್ನು, ಸೂಜಿ ಚುಚ್ಚದಿರಲೆಂದು ನಾನು ಹಾಕುವ ಬೆರಳ ಟೋಪಿ! ಯಾರನ್ನೂ ಒಳಗೆ ಬಿಡುವುದಿಲ್ಲ. ಬೈದು ಬೈದು ಕೊನೆಗೆ ಒಂದು ಕೋಟನ್ನು ಅಲೆಮಾರಿಯ ಮುಖಕ್ಕೆ ಎಸೆಯುತ್ತಾಳೆ. ಆಮೇಲೆ ಅವಳನ್ನು ಕಡಿದು ಒಳಗೆ ಹೋಗಬೇಕು. ಬೇರೆ ದಾರಿಯಿಲ್ಲ.

ಉಳಿದವರ ಅಭಿಪ್ರಾಯಗಳನ್ನೂ ಓದಿದೆ. "ಆಟ ಸೂಪರ್, ಅಜ್ಜಿಗೆ ಟಿಕೆಟ್ ಕೊಡೋದು ಇನ್ನೂ ಸೂಪರ್." "ಆಫೀಸಲ್ಲಿ ಬೈಸ್ಕೊಂಡು ಬಂದ ದಿನ ಈ ಮುದುಕೀನ ಒಂದು ಸಲ ಮುಗಿಸಿದ್ರೆ ಊಟ ಸೇರುತ್ತೆ." ಇಂಥವೇ ಪುಟಗಟ್ಟಲೆ. ಕೆಲವರ ದೂರು ಒಂದೇ: ಈ ಆಟದಲ್ಲಿ ಕಲ್ಲು, ಕಡ್ಡಿ, ಹಳಸಿದ ರೊಟ್ಟಿ ಎಲ್ಲವನ್ನೂ ಎತ್ತಿಕೊಳ್ಳಬಹುದು, ಆ ಕೋಟನ್ನು ಮಾತ್ರ ಯಾಕೆ ಆಗುವುದಿಲ್ಲ? ನನ್ನ ದೂರೂ ಅದೇ. ಅಷ್ಟೇ ಅಲ್ಲ, ಆ ಕೋಟಿಗೆ ಜೇಬೇ ಇಲ್ಲ. ಜೇಬಿಲ್ಲದ ಕೋಟನ್ನು ಯಾವ ದರ್ಜಿ ಹೊಲಿಯುತ್ತಾನೆ?

ನನ್ನ ಅಭಿಪ್ರಾಯ ಇಷ್ಟು: ಆ ಅಜ್ಜಿಯನ್ನು ಬರೆದ ಕೈ ಯಾವುದೆಂದು ತಿಳಿಸಿ. ಅವಳನ್ನು ಆ ಬಾಗಿಲಿನಿಂದ ಇಳಿಸಿ.

ಇತಿ,
ಒಬ್ಬ ದರ್ಜಿ


ಜನವರಿ ೨೮

ಮಾನ್ಯ ಆಟಗಾರರೇ,

ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. 'ಕಗ್ಗೋಟೆ'ಯ ಪಾತ್ರಗಳೆಲ್ಲವೂ ಕಾಲ್ಪನಿಕ. ಯಾರಿಗಾದರೂ ಹೋಲಿಕೆ ಕಂಡರೆ ಅದು ಕಂಡವರ ಮನಸ್ಸಿನದು. ಬಾಗಿಲಜ್ಜಿ ನಮ್ಮ ಅತ್ಯಂತ ಜನಪ್ರಿಯ ಪಾತ್ರ. ಅವಳನ್ನು ಇಳಿಸುವ ಯೋಚನೆ ಇಲ್ಲ. ಕೊಲ್ಲದೆ ಒಳಗೆ ಹೋಗುವ ದಾರಿಯನ್ನೂ ಇಟ್ಟಿಲ್ಲ, ಏಕೆಂದರೆ ಅಂಥವಳು ಯಾರನ್ನೂ ಒಳಗೆ ಬಿಡುವವಳಲ್ಲ. ಕಾಲಿಗೆ ಬಿದ್ದರೂ ಬಿಡುವವಳಲ್ಲ.

ನಿಮ್ಮ ಹೊಲಿಗೆ ಯಂತ್ರದ ಪೆಡಲು ಇನ್ನೂ ಕಿರುಗುಟ್ಟುತ್ತಿದ್ದರೆ ಸ್ವಲ್ಪ ಎಣ್ಣೆ ಬಿಡಿ. ಅಕ್ಕಪಕ್ಕದವರಿಗೆ ನೆಮ್ಮದಿ.

ವಂದನೆಗಳೊಂದಿಗೆ,
ಸಂಭಾಷಣೆ ವಿಭಾಗ


ಫೆಬ್ರವರಿ ೬

ಸಂಭಾಷಣೆ ವಿಭಾಗವಂತೆ!

ಪೆಡಲು ಕಿರುಗುಟ್ಟುವ ವಿಷಯವನ್ನು ನಾನು ಬರೆದೇ ಇರಲಿಲ್ಲವಲ್ಲ ಕಣೇ. ಆ ಸದ್ದಿನ ಪಕ್ಕದಲ್ಲೇ ಕೂತು, ನನ್ನ ಯಂತ್ರದ ದೀಪದಲ್ಲೇ ಓದಿ ಪರೀಕ್ಷೆ ಪಾಸಾದವಳು ಈ ಲೋಕದಲ್ಲಿ ಒಬ್ಬಳೇ. ನನ್ನ ನಾದಿನಿ. ಗುಮಾನಿ ಮೊದಲೇ ಇತ್ತು, ನೀನಾಗಿಯೇ ಬಾಯಿ ಬಿಟ್ಟೆ.

ನಾನು ಈ ಮನೆಗೆ ಬಂದಾಗ ನೀನು ಎರಡು ಜಡೆಯ ಹುಡುಗಿ. ನಿನ್ನ ಅಣ್ಣನ ಹೆಂಡತಿ ಅನ್ನುವುದಕ್ಕಿಂತ ಹೆಚ್ಚಾಗಿ ನಿನ್ನ ದರ್ಜಿಯಾಗಿದ್ದೆ ನಾನು. ನಿನ್ನ ಮೈಮೇಲೆ ಬಿದ್ದ ಬಟ್ಟೆಯೆಲ್ಲ ನನ್ನ ಕೈಯದು. ಈಗ ಏಳು ವರ್ಷದಿಂದ ಭಾನುವಾರ ಭಾನುವಾರ ಫೋನ್ ಮಾಡುತ್ತೀ, ನಾನೆತ್ತಿದರೆ "ಅಣ್ಣಂಗೆ ಕೊಡಿ" ಅನ್ನುತ್ತೀ. ಹೇಗಿದ್ದೀರಿ ಅಂತ ಒಂದು ಮಾತಿಲ್ಲ. ನಾನೂ ಕೊಟ್ಟು ಸುಮ್ಮನಾಗುತ್ತೇನೆ. ಅವತ್ತು ನಾನು ಕೊಟ್ಟದ್ದನ್ನು ತೆಗೆದುಕೊಂಡು ಹೋಗಿ, ಸಿಕ್ಕಿತು ಅಂತಲೂ ಹೇಳದವಳಿಗೆ ಇನ್ನೇನು ಹೇಳಲಿ?

ಈಗ ದೊಡ್ಡವಳಾಗಿದ್ದೀ, ಆಟ ಬರೆಯುತ್ತೀ. ಅತ್ತಿಗೆಯ ಒರಟು ಮಾತು ನಿನ್ನ ಆಫೀಸಿನವರಿಗೆ ನಗುವ ಸರಕಾಯಿತು. ಆಗಲಿ. ಆದರೆ ನಲವತ್ತಾರಕ್ಕೇ ನನ್ನನ್ನು ಅಜ್ಜಿ ಮಾಡಿದೆಯಲ್ಲ, ಅದನ್ನು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. ಆಟದಲ್ಲಿ ಸಾಯುವುದನ್ನು ಲೆಕ್ಕಕ್ಕೆ ಹಿಡಿಯದೆ ಹೇಳುತ್ತಿದ್ದೇನೆ.

ನಿನ್ನ ಅತ್ತಿಗೆ


ಫೆಬ್ರವರಿ ೨೫

ಅತ್ತಿಗೆ,

ಒರಟು ಮಾತಿಗೆ ನಗುವುದಕ್ಕಾಗಿ ನಾನು ಅಜ್ಜಿಯನ್ನು ಬರೆದೆ ಅಂದುಕೊಂಡಿರಾ? ನೀವು ನಿಜವಾಗಿಯೂ ಮರೆತಿದ್ದೀರಾ, ಅಥವಾ ಮರೆತವರ ಹಾಗೆ ಆಡುತ್ತಿದ್ದೀರಾ?

ನೆನಪು ಮಾಡಿಕೊಡುತ್ತೇನೆ. ದೀಪ ಹಚ್ಚುವ ಹೊತ್ತು. ನಾನು ಅವನ ಮನೆ ಬಿಟ್ಟು, ಕೈಗೆ ಸಿಕ್ಕ ನಾಲ್ಕು ಬಟ್ಟೆ ಚೀಲಕ್ಕೆ ತುರುಕಿಕೊಂಡು, ನನಗಿದ್ದ ಒಂದೇ ಬಾಗಿಲಿಗೆ ಬಂದೆ. ನೀವು ಎರಡೂ ಕೈಯನ್ನು ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತಿರಿ. ನಾನು ಬಾಯಿ ತೆರೆಯುವ ಮೊದಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಿರಿ. "ಇಷ್ಟು ಹೊತ್ತಿಗೆ ಯಾಕೆ ಬಂದೆ? ಇದೇನು ಛತ್ರ ಅಂದ್ಕೊಂಡ್ಯಾ? ಗಂಡನ್ನ ಬಿಟ್ಟು ಬಂದೋರಿಗೆ ಇಲ್ಲಿ ಜಾಗ ಇಲ್ಲ. ನಡಿ, ನಡಿ ಇಲ್ಲಿಂದ!" ಎದುರುಮನೆಯವರು ಕಿಟಕಿ ತೆರೆದು ನೋಡಿದರು. ಆ ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದೆ. ಹಲ್ಲು ಕಟಕಟ ಅನ್ನುತ್ತಿತ್ತು.

ಅಣ್ಣ ಆ ಹೊತ್ತು ಡ್ಯೂಟಿಯಲ್ಲಿದ್ದನಂತೆ. ಆಮೇಲೆ ಅವನೇ ಹೇಳಿದ, ಪಾಪ, ಅಳುವ ಹಾಗಾಗಿದ್ದ. "ನಾನಿದ್ದಿದ್ರೆ ಹಾಗಾಗೋಕೆ ಬಿಡ್ತಿದ್ನಾ?" ಅಂದ. ಅವನಿದ್ದಿದ್ದರೆ ನಿಮಗೆ ಅಷ್ಟು ಧೈರ್ಯ ಬರುತ್ತಿತ್ತಾ ಅತ್ತಿಗೆ?

ಕೊಟ್ಟದ್ದು ಅಂದಿರಲ್ಲ, ಏನು ಕೊಟ್ಟಿರಿ? ಬೈಗುಳ ತಾನೇ? ಅದನ್ನು ಒಂದಕ್ಷರ ಬಿಡದೆ ಆಟಕ್ಕೆ ಹಾಕಿದ್ದೇನೆ. ದಿನಾ ಸಾವಿರಾರು ಜನ ನನ್ನ ಪರವಾಗಿ ನಿಮಗೆ ಉತ್ತರ ಕೊಡುತ್ತಾರೆ. ಅವರ ಅಭಿಪ್ರಾಯಗಳನ್ನು ಓದುವುದು ನನ್ನ ಕೆಲಸ. ಇಷ್ಟು ಖುಷಿಯ ಕೆಲಸ ನಾನು ಈವರೆಗೆ ಮಾಡಿಲ್ಲ.


ಮಾರ್ಚ್ ೧೯

ನೀನು ಬರೆದದ್ದನ್ನು ಓದಿದೆ. ಓದಿ ಮಡಿಚಿಟ್ಟೆ. ಉತ್ತರ ಕೊಡುವುದಿಲ್ಲ. ಉತ್ತರವನ್ನು ಅವತ್ತೇ ನಿನ್ನ ಕೈಗೆ ಕೊಟ್ಟಿದ್ದೆ.

ಈಗ ನನ್ನ ಸರದಿ. ನನ್ನಂಗಡಿಗೆ ಜಿಪ್ಪು ಹಾಕಿಸಲು ಬರುವವರೆಲ್ಲ ನಿನ್ನ ಆಟಕ್ಕೆ ಒಂದು ನಕ್ಷತ್ರ ಕೊಟ್ಟು, ಅಭಿಪ್ರಾಯ ಬರೆದು ತೋರಿಸಿದರೇನೇ ಬಟ್ಟೆ ವಾಪಸ್ಸು. ಆ ಜಾಕೆಟ್ಟಿನ ಹುಡುಗಿಯೇ ಮುಂದಾಳು. ಅವಳ ಕಾಲೇಜಿಗೆ ಕಾಲೇಜೇ ಎದ್ದು ಕೂತಿದೆ. ಪರೇಡಿನ ಪ್ಯಾಂಟಿಗೆ ಅಂಚು ಹೊಲಿಸಲು ಬಂದ ಪೊಲೀಸಪ್ಪ ಕೂಡ "ಅಜ್ಜಿಗೆ ಅನ್ಯಾಯವಾಗಿದೆ" ಎಂದು ಬರೆದು ಹೋದ. ಅವನು ಆಟವನ್ನು ಕಣ್ಣಿಂದ ನೋಡಿಲ್ಲ, ಅದು ಬೇರೆ ಮಾತು.

ನಾನೂ ಒಂದು ಬರೆದಿದ್ದೇನೆ, ಅಳಿಸುವ ಮುಂಚೆ ಓದು. "ಅಲೆಮಾರಿಯ ಕಣ್ಣಿಗೆ ಬಾಗಿಲ ಈಚೆ ಮಾತ್ರ ಕಾಣುತ್ತದೆ. ಒಳಗೇನಿದೆ ಎಂದು ಕಾಣುವುದು ಅಜ್ಜಿಗೆ. ಇಬ್ಬರಲ್ಲಿ ಮೂರ್ಖರು ಯಾರು?" ನೂರಾರು ಮಂದಿ ಇದನ್ನು ಮೆಚ್ಚಿದ್ದಾರೆ. ನಿನ್ನ ಬಾಸ್ ಕೂಡ ಓದಿರಬೇಕು.


ಏಪ್ರಿಲ್ ೩

ಅತ್ತಿಗೆ,

ಬಾಸ್ ಓದಿದರು. ಕುಣಿದಾಡಿದರು. ಜಗಳ ಜೋರಾದಷ್ಟೂ ಆಟ ಕೊಳ್ಳುವವರು ಹೆಚ್ಚಂತೆ. "ಅಜ್ಜಿಗೆ ಇನ್ನಷ್ಟು ಮಾತು ಬರಿ" ಅಂದರು. ಬರೆದೆ. ಈಗ ಅವಳು ಸಾಯುವಾಗ ಕಿರುಚುತ್ತಾಳೆ. ಸತ್ತ ಮೇಲೆ ಕುತ್ತಿಗೆಯ ಹಳದಿ ಹಾವನ್ನು ಗೆದ್ದವರು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ನಿಮ್ಮ ಗಿರಾಕಿಗಳಿಗೆ ಸಿಹಿಸುದ್ದಿ ಹೇಳಿ.

ಉತ್ತರವನ್ನು ಕೈಗೆ ಕೊಟ್ಟಿದ್ದೆ ಅನ್ನುತ್ತೀರಿ. ನೀವು ಕೈಗೆ ಕೊಟ್ಟದ್ದು ಏನೂ ಇಲ್ಲ. ಮುಖಕ್ಕೆ ಎಸೆದದ್ದು ಒಂದು ಕೋಟು. ಯಾವನೋ ಗಿರಾಕಿಯ ಹಳೇ ಕೋಟು, ಬೀದಿನಾಯಿಗೆ ಬಿಸ್ಕತ್ತು ಎಸೆದ ಹಾಗೆ. ಅದನ್ನು ಅಲ್ಲೇ ಮೋರಿಗೆ ಒದ್ದು ಹೋದೆ. ಮುಟ್ಟಲೂ ಇಲ್ಲ. ಅದಕ್ಕೇ ಆಟದಲ್ಲೂ ಅದನ್ನು ಎತ್ತಿಕೊಳ್ಳಲು ಬಿಟ್ಟಿಲ್ಲ. ಆಟಗಾರರು ಕೇಳುತ್ತಲೇ ಇದ್ದಾರೆ. ಕೇಳಲಿ. ನನಗೂ ಒಂದು ಮಾನ ಅಂತ ಇತ್ತು.


ಏಪ್ರಿಲ್ ೧೧

ಮೋರಿಗೆ ಒದ್ದೆಯಾ! ಅಯ್ಯೋ ನಿನ್ನ ಮನೆ ಹಾಳಾಗ, ಮೋರಿಗೆ ಒದ್ದೆಯಾ!

ಏಳು ವರ್ಷ ನಾನೇನು ತಿಳಿದಿದ್ದೆ ಗೊತ್ತಾ? ನೀನು ಕೋಟು ಹಾಕಿಕೊಂಡೆ, ಜೇಬಿಗೆ ಕೈ ಹಾಕಿದೆ, ಸಿಕ್ಕಿತು, ಆದರೂ ಸೊಕ್ಕಿನಿಂದ ಬರಲಿಲ್ಲ ಅಂತ. ಬೆಳಗ್ಗೆ ನೋಡಿದರೆ ಕೋಟು ಇರಲಿಲ್ಲ. ನೀನೇ ಒಯ್ದೆ ಅಂದುಕೊಂಡೆ. ಯಾವನೋ ಹಾದಿಹೋಕ ಎತ್ತಿಕೊಂಡು ಹೋಗಿದ್ದಾನೆ, ಈಗ ಗೊತ್ತಾಯಿತು.

ಅದರ ಜೇಬಿನಲ್ಲಿ ನನ್ನಂಗಡಿಯ ಕೀಲಿಕೈ ಇತ್ತು ಕಣೇ.

ಅವತ್ತು ಅಂಗಡಿ ಮುಚ್ಚಿ ಮನೆಗೆ ಬಂದರೆ ನಿನ್ನ ಗಂಡ ನಡುಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತ ಕೂತಿದ್ದ. ನೀನು ಬಂದೇ ಬರುತ್ತೀ ಅಂತ ಕಾಯುತ್ತಿದ್ದ. ಮಡಿಲಲ್ಲಿ ಸೊಂಟದ ಬೆಲ್ಟು ಬಿಚ್ಚಿ ಇಟ್ಟುಕೊಂಡಿದ್ದ. ನಿನ್ನ ಮೈಮೇಲಿನ ಬರೆಗಳ ವಿಷಯ ಬೇರೆಯವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಉರಿ ಬೇಸಿಗೆಯಲ್ಲಿ "ಅತ್ತಿಗೆ, ತೋಳು ಮಣಿಕಟ್ಟಿನವರೆಗೂ ಬರಲಿ" ಎಂದು ಹೊಲಿಸಿಕೊಂಡೆಯಲ್ಲ, ಆಗಲೇ. ಅಷ್ಟರಲ್ಲಿ ಕಿಟಕಿಯಿಂದ ನೀನು ಚೀಲ ಹಿಡಿದು ಬರುವುದು ಕಂಡಿತು. ನಿನ್ನನ್ನು ಒಳಗೆ ಬಿಡಬೇಕಿತ್ತಾ? "ಬಾಮ್ಮ, ಬಾ" ಅನ್ನಬೇಕಿತ್ತಾ?

ಅವನು ಎದ್ದು ಬರದಿರಲಿ ಅಂತ ಅಷ್ಟು ದೊಡ್ಡ ದನಿ. ನನ್ನ ಹೆಂಡತಿಯನ್ನು ಇವಳೇ ಓಡಿಸುತ್ತಿದ್ದಾಳೆ, ಹೋಗುವುದು ಇನ್ನೆಲ್ಲಿಗೆ, ನನ್ನ ಮನೆಗೇ ತಾನೇ ಎಂದು ಅವನು ಹಾಯಾಗಿ ಕೂತಿರಲಿ ಅಂತ. ಹೆಗಲ ಮೇಲಿದ್ದ ಗಿರಾಕಿಯ ಕೋಟಿನ ಜೇಬಿಗೆ ಕೀಲಿಕೈ ತುರುಕಿ ನಿನ್ನ ಮುಖಕ್ಕೆ ಎಸೆದು ಬಾಗಿಲು ಹಾಕಿಕೊಂಡೆ. ಬೆಳಗಿನ ಜಾವ ಅವನು ಹೋದ ಮೇಲೆ ಅಂಗಡಿಗೆ ಓಡಿದೆ. ಬಾಗಿಲಿಗೆ ಬೀಗ ಹಾಗೇ ಇತ್ತು. ಒಳಗೆ ಹೋಗಲು ನನಗೂ ಕೀಲಿಯಿಲ್ಲ. ಬೀಗ ಒಡೆದುಕೊಟ್ಟವನು ಪಕ್ಕದ ರಿಪೇರಿಯವನು, ಬೇಕಾದರೆ ಕೇಳು.

ನಾನೊಂದು ಕೋಟು ಎಸೆದರೆ ಅದರ ಜೇಬು ನೋಡಬೇಕೆಂದು ನಿನಗೆ ಹೊಳೆಯಲಿಲ್ಲವಲ್ಲ! ನಿನ್ನ ಪರೀಕ್ಷೆಯ ದಿನಗಳಲ್ಲಿ ಬಟಾಣಿ, ಪೆನ್ನು, ಬಸ್ಸಿನ ಚಿಲ್ಲರೆ ಎಲ್ಲವನ್ನೂ ಜೇಬಲ್ಲೇ ತಾನೇ ಇಟ್ಟು ಕಳಿಸುತ್ತಿದ್ದೆ? ಮಾತಿನಲ್ಲಿ ಮುದ್ದು ಮಾಡಲು ನನಗೆ ಯಾವತ್ತು ಬಂದಿತ್ತು?

ಇದನ್ನು ಓದಿ ಅತ್ತು, ಕ್ಷಮಿಸಿ ಅತ್ತಿಗೆ ಅಂತ ಬರೆಯಬೇಡ. ನನಗೆ ಕೋಪ ಇಳಿದಿಲ್ಲ. ಇಳಿಯುವುದೂ ಬೇಡ.


ಮೇ ೩೦

ಅತ್ತಿಗೆ,

ಕ್ಷಮಿಸಿ ಎಂದು ಬರೆಯಬೇಡ ಅಂದಿರಿ. ಬರೆಯುವುದಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ರಿಪೇರಿಯವನನ್ನು ಕೇಳಬೇಕಾಗಿಲ್ಲ. ಅಣ್ಣನೇ ಒಮ್ಮೆ ಫೋನಿನಲ್ಲಿ ನಗಾಡಿದ್ದ. "ನಿನ್ನ ಅತ್ತಿಗೆಗೆ ಮರೆವು ಜಾಸ್ತಿ ಆಗಿದೆ, ಕೀಲಿಕೈ ಎಲ್ಲೋ ಬೀಳಿಸ್ಕೊಂಡು ತನ್ನ ಅಂಗಡಿ ಬೀಗ ತಾನೇ ಒಡೆಸಿದ್ಳು." ನಾನೂ ನಕ್ಕಿದ್ದೆ. ಒಳ್ಳೇದಾಯ್ತು ಅಂದುಕೊಂಡಿದ್ದೆ.

ಆದರೆ ನಿಮ್ಮ ಕಾಗದವನ್ನು ಓದಿದಷ್ಟೂ ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ನೀವು ಅಂಗಡಿಯಿಂದ ಬರುವ ಹೊತ್ತಿಗೆ ಅವನು ಒಳಗೆ ಕೂತಿದ್ದ. ಬಾಗಿಲು ತೆರೆದವರು ಯಾರು? ಟೀ ಮಾಡಿ ಕೊಟ್ಟವರು ಯಾರು? ನಾನು ಆ ಸಂಜೆ ಬರುತ್ತೇನೆ ಎಂದು ಒಬ್ಬರಿಗೇ ಹೇಳಿದ್ದೆ.

ಅಣ್ಣ ಎಲ್ಲಿದ್ದ, ಅತ್ತಿಗೆ?


ಜೂನ್ ೮

ಯಂತ್ರದ ಪೆಡಲಿಗೆ ಎಣ್ಣೆ ಬಿಟ್ಟೆ. ಈಗ ಸದ್ದಿಲ್ಲ, ಅದಿಲ್ಲದೆ ನನಗೆ ಹೊಲಿಗೆ ಓಡುವುದಿಲ್ಲ. ಜಾಕೆಟ್ಟಿನ ಹುಡುಗಿ ಪರೀಕ್ಷೆ ಮುಗಿಸಿದಳು. ನಿನ್ನ ಆಟದಲ್ಲಿ ನಾನೀಗ ಕತ್ತಿ ಬೀಸುವುದನ್ನು ಕಲಿತಿದ್ದೇನೆ, ಆದರೆ ಅಜ್ಜಿಯನ್ನು ಒಂದು ಸಲವೂ ಕಡಿದಿಲ್ಲ. ಎದುರಿಗೆ ನಿಂತು ಬೈಸಿಕೊಂಡು ವಾಪಸ್ಸು ಬರುತ್ತೇನೆ. ಬೈಗುಳ ಚೆನ್ನಾಗಿಯೇ ಬರೆದಿದ್ದೀ.

ಭಾನುವಾರ ಫೋನ್ ಮಾಡುವುದನ್ನು ನಿಲ್ಲಿಸಬೇಡ. ಅವರು ಬೆಳಗ್ಗೆಯಿಂದಲೇ ಕನ್ನಡಕ ಒರೆಸಿಕೊಂಡು ಅದರ ಪಕ್ಕ ಕೂರುತ್ತಾರೆ. ಫೋನಿಗೆ ಕನ್ನಡಕ ಯಾಕೋ.

ನೀನು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಮರೆತು ಅಲ್ಲ. ನನ್ನ ಬಾಯಿಂದ ಬರುವುದಿಲ್ಲ ಅದು. ನಿನಗೆ ಒಬ್ಬ ಅಣ್ಣನಾದರೂ ಉಳಿಯಲಿ ಅಂತ ಇಷ್ಟು ವರ್ಷ ರಾಕ್ಷಸಿಯಾಗಿ ಇದ್ದವಳು ನಾನು.


ಜುಲೈ ೧೪

ಅತ್ತಿಗೆ,

ನೀವು ಬರೆಯದೇ ಇದ್ದದ್ದನ್ನು ಓದಿಕೊಂಡೆ.

ಬಾಸ್‌ಗೆ ಹೇಳಿದೆ, ಆಟಗಾರರ ಅಭಿಪ್ರಾಯಕ್ಕೆ ಬೆಲೆ ಕೊಡೋಣ ಎಂದು. ಒಪ್ಪಿದರು. ಇವತ್ತಿನಿಂದ ಬಾಗಿಲಜ್ಜಿಗೆ ಯಾವ ಕತ್ತಿಯೂ ತಾಗುವುದಿಲ್ಲ. ಕೋಟನ್ನು ಎತ್ತಿಕೊಳ್ಳಬಹುದು. ಅದಕ್ಕೆ ಜೇಬಿದೆ. ಜೇಬಿನಲ್ಲಿ ಪಕ್ಕದ ಬಾಗಿಲಿನ ಕೀಲಿ. ಆದರೆ ಕೋಟನ್ನು ನೋಡಿ ಎಂದು ಆಟ ಎಲ್ಲೂ ಹೇಳುವುದಿಲ್ಲ. ಹೊಳೆದವರಿಗೆ ಹೊಳೆಯಲಿ.

ಒಳಗೆ ಎರಡು ಕುರ್ಚಿ ಇಟ್ಟಿದ್ದೇನೆ. ಒಂದರಲ್ಲಿ ಕೂತವನ ಮುಖವನ್ನು ನೀವು ಗುರುತಿಸುತ್ತೀರಿ. ಇನ್ನೊಬ್ಬನಿಗೆ ಮುಖ ಕೊಡಲು ನನ್ನಿಂದ ಆಗಲಿಲ್ಲ, ಬೆನ್ನು ತಿರುಗಿಸಿ ಕೂರಿಸಿದ್ದೇನೆ. ಅವನಿಗೆ ಮಾತು ಮಾತ್ರ ಕೊಟ್ಟಿದ್ದೇನೆ, ಅವನ ಬಾಯಿಂದಲೇ ಹಿಂದೆ ಕೇಳಿದ್ದ ಮಾತು.

ಭಾನುವಾರ ನಾನು ಫೋನ್ ಮಾಡುವುದಿಲ್ಲ.


ಆಗಸ್ಟ್ ೧

ನಾದಿನಿಗೆ,

ಮೊದಲು ಅಭಿಪ್ರಾಯ. ಜೇಬಿನ ಹೊಲಿಗೆ ಸರಿಯಿಲ್ಲ, ಮೂಲೆಯಲ್ಲಿ ಇನ್ನೊಂದು ಸುತ್ತು ಹಾಕಬೇಕಿತ್ತು. ಉಳಿದದ್ದು ಚೆನ್ನಾಗಿದೆ.

ಪಕ್ಕದ ಬಾಗಿಲು ತೆರೆದು ಒಳಗೆ ಹೋದೆ. ಕಾಲ ಮೇಲೆ ಕಾಲು ಹಾಕಿ ಕೂತವನನ್ನು ನೋಡಿದೆ. ಟೀ ಲೋಟವನ್ನೂ ಬಿಟ್ಟಿಲ್ಲ ನೀನು, ಬೆಲ್ಟನ್ನೂ ಬಿಟ್ಟಿಲ್ಲ. ಅವನನ್ನು ಕಡಿದೆ. ಆಟ ಮತ್ತೆ ಶುರು ಮಾಡಿ ಮತ್ತೆ ಕಡಿದೆ. ಆಫೀಸಲ್ಲಿ ಬೈಸಿಕೊಂಡು ಬಂದವನೊಬ್ಬ ಊಟ ಸೇರುತ್ತದೆ ಎಂದು ಬರೆದಿದ್ದನಲ್ಲ, ಅವನ ಮೇಲೆ ನನಗಿದ್ದ ಕೋಪವೆಲ್ಲ ಹೋಯಿತು. ಅವತ್ತು ನಾನು ಎರಡು ತಟ್ಟೆ ಊಟ ಮಾಡಿದೆ.

ಬೆನ್ನು ತಿರುಗಿಸಿ ಕೂತವನ ಬಗ್ಗೆ ಆಟಗಾರರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾರೆ. "ಈ ಎರಡನೆಯವನು ಯಾರು? ಎಷ್ಟು ಕಡಿದರೂ ಯಾಕೆ ಸಾಯಲ್ಲ?" ಎಂದು. ಕಡಿದಾಗಲೆಲ್ಲ ಅವನದು ಒಂದೇ ಮಾತು: "ನಾನೇನ್ ಮಾಡ್ಲಿ, ನೀನೇ ಹೇಳು. ಗಂಡ ಹೆಂಡ್ತಿ ವಿಷ್ಯ ಅದು." ಒಬ್ಬ ಬರೆದಿದ್ದಾನೆ, "ಬೆಲ್ಟಿನವನಿಗಿಂತ ಇವನನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ." ಹಾಗೆ ಬರೆದವನ ಪ್ಯಾಂಟಿಗೆ ನಾನು ಜೀವನಪೂರ್ತಿ ಬಿಟ್ಟಿ ಹೊಲಿಗೆ ಹಾಕಿಕೊಡುತ್ತೇನೆ.

ಮೊದಲ ಭಾನುವಾರ ಫೋನ್ ರಿಂಗಾಗಲಿಲ್ಲ. ನಿನ್ನ ಅಣ್ಣ ಅದನ್ನೆತ್ತಿ ಕಿವಿಗಿಟ್ಟು ನೋಡಿದರು. "ಲೈನ್ ಸರಿಯಿಲ್ವಾ?" ಅಂದರು. ನಾನು ಗುಂಡಿ ಹೊಲಿಯುತ್ತಿದ್ದೆ, ತಲೆಯೆತ್ತಲಿಲ್ಲ. ಎರಡನೇ ಭಾನುವಾರ "ಹುಡುಗಿಗೆ ಹುಷಾರಿಲ್ವೇನೋ" ಅಂದರು. ನಿನ್ನೆ ನಾನು ಆಟ ಆಡುತ್ತಿದ್ದಾಗ ಬಂದು ಹಿಂದೆ ನಿಂತರು. ನನಗೆ ಗೊತ್ತಿತ್ತು. ಆಟದ ದನಿ ಜೋರು ಮಾಡಿದೆ. ಕತ್ತಿ ಬೀಸಿದೆ.

"ನಾನೇನ್ ಮಾಡ್ಲಿ, ನೀನೇ ಹೇಳು."

ಅವರು ನನ್ನ ಕುರ್ಚಿಯ ಬೆನ್ನು ಹಿಡಿದು ತೆರೆಯತ್ತ ಬಗ್ಗಿದರು. "ಇದು... ಇದನ್ನ ಯಾರು ಬರ್ದಿದ್ದು?" ಅಂದರು.

"ನಿಮ್ಮ ತಂಗಿ," ಅಂದೆ.

"ಅವಳಿಗೆ ಗೊತ್ತಾಯ್ತಾ?"

ನೋಡು, ಏಳು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡರು. ಅದೂ ಪ್ರಶ್ನೆಯಾಗಿ. ನಾನು ಬೈಯಲಿಲ್ಲ, ನನ್ನ ಮೇಲೆ ಆಣೆ. ಎದ್ದು ಕುರ್ಚಿ ಬಿಟ್ಟುಕೊಟ್ಟೆ. "ಕೂತ್ಕೊಳ್ಳಿ. ಮೊದಲಿಂದ ಆಡಿ. ಅವಳು ಒಳಗಿದ್ದಾಳೆ, ಹೋಗಿ ಮಾತಾಡಿಸಿ," ಅಂದೆ.

ಸುಳ್ಳು ಹೇಳಿದೆ. ಹೇಳಿದರೇನಂತೆ ಬಿಡು, ಇಷ್ಟು ವರ್ಷ ಅವರೊಬ್ಬರೇ ಹೇಳಿದ್ದು ಸಾಕು.

ನಿನ್ನೆಯಿಂದ ಅಲ್ಲೇ ಕೂತಿದ್ದಾರೆ. ಈ ಕಾಗದ ಬರೆಯುವಾಗಲೂ ಪಕ್ಕದ ಕೋಣೆಯಿಂದ ಅಜ್ಜಿಯ ದನಿ ಕೇಳಿಸುತ್ತಿದೆ. "ಯಾರು? ಇಷ್ಟು ಹೊತ್ತಿಗೆ ಯಾಕೆ ಬಂದೆ? ನಡಿ ಇಲ್ಲಿಂದ!" ಅವರು ಕತ್ತಿ ಬೀಸುತ್ತಾರೆ, ತಾಗುವುದಿಲ್ಲ. ಕೈ ಮುಗಿಯುವುದು ಹೇಗೆ, ಯಾವ ಗುಂಡಿ ಒತ್ತಬೇಕು ಎಂದು ಆಗಾಗ ಬಂದು ಕೇಳುತ್ತಾರೆ. ಅಂಥ ಗುಂಡಿ ಇಲ್ಲ ಎನ್ನುತ್ತೇನೆ. ಮತ್ತೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. ಮತ್ತೆ ಬೈಸಿಕೊಳ್ಳುತ್ತಾರೆ. ಕೋಟು ಕಾಲ ಬಳಿಯೇ ಬಿದ್ದಿದೆ.

ಅದಕ್ಕೊಂದು ಜೇಬಿದೆ ಎಂದು ನಾನು ಅವರಿಗೆ ಹೇಳಿಲ್ಲ.

ನಿನ್ನ ಅತ್ತಿಗೆ